ಇವತ್ತಿನ ಕಂಬ

ಆರು ವರ್ಷದ ಮಕ್ಕಳಿಗೆ ಅಕ್ಷರ ಕಲಿಸುವವರು ಬೇಕಾದಷ್ಟು ಜನ ಸಿಗುತ್ತಾರೆ. ಮಗ್ಗಿ ಬಾಯಿಪಾಠ ಮಾಡಿಸುವವರೂ ಸಿಗುತ್ತಾರೆ. ಅಲುಗಾಡದೆ ನಿಲ್ಲುವುದನ್ನು ಕಲಿಸುವವರು ಎಲ್ಲಿ ಸಿಗುತ್ತಾರೆ ಹೇಳಿ? ಮನೆಯಲ್ಲಿ ಒಂದೇ ಒಂದು ಮಗುವನ್ನು ತಲೆ ಬಾಚುವಷ್ಟು ಹೊತ್ತು ಹಿಡಿದು ನಿಲ್ಲಿಸುವುದರೊಳಗೆ ತಾಯಂದಿರಿಗೆ ಸಾಕು ಸಾಕಾಗಿ ಹೋಗುತ್ತದೆ. ಆ ಕ್ಯಾಥೊಲಿಕ್ ಪ್ರಾಥಮಿಕ ಶಾಲೆಯ ಒಂದನೇ ಕ್ಲಾಸಿನ ಟೀಚರು ಮಾತ್ರ ಕೋಣೆ ತುಂಬ ಮಕ್ಕಳನ್ನು ಒಂದು ಗಂಟೆಯ ಸದ್ದಿಗೆ ನಿಲ್ಲಿಸಿಬಿಡುತ್ತಿದ್ದರು. ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಅದನ್ನು ಕೇಳಿದವರೇ ಇಲ್ಲ. ಊರಿಗೆಲ್ಲ ಅವರು ಆಮೆನ್ ಟೀಚರ್.

ಪಾಠಗಳ ನಡುವೆ ಹೊಡೆಯುವುದು ಕರೆಂಟ್ ಬೆಲ್. ಅದನ್ನು ಮಕ್ಕಳು ಲೆಕ್ಕಕ್ಕೇ ಇಡುತ್ತಿರಲಿಲ್ಲ. ಅಂಗಳದ ಒಂದು ತುದಿಯಲ್ಲಿದ್ದ ಪ್ರಾರ್ಥನಾ ಮಂದಿರದ ನೆತ್ತಿಯ ಮೇಲೆ ಒಂದು ಕಂಚಿನ ಗಂಟೆ ಇತ್ತು. ಅದರ ಹಗ್ಗ ಬಾಗಿಲ ಪಕ್ಕಕ್ಕೇ ಇಳಿಬಿದ್ದಿರುತ್ತಿತ್ತು. ದಿನಕ್ಕೆ ಒಂದೇ ಸಲ, ನಡುಮಧ್ಯಾಹ್ನ, ಯೇಸುವಿನ ತಾಯಿ ಮರಿಯಮ್ಮನವರ ಜಪಕ್ಕೆ ಅದನ್ನು ಹೊಡೆಯುತ್ತಿದ್ದರು. ಆ ಗಂಟೆ ಬಿತ್ತೆಂದರೆ ಯಾರು ಎಲ್ಲಿದ್ದಾರೋ ಅಲ್ಲೇ ನಿಲ್ಲಬೇಕು, ಕೈ ಜೋಡಿಸಬೇಕು, ಕಣ್ಣು ಮುಚ್ಚಬೇಕು. ಟೀಚರು ಸಾಲು ಸಾಲಾಗಿ ಜಪ ಹೇಳಿಸಿ ಮುಗಿಸಿ ಕೊನೆಗೆ ಆಮೆನ್ ಅನ್ನುವವರೆಗೆ ಉಸಿರೊಂದನ್ನು ಬಿಟ್ಟು ಮೈಯಲ್ಲಿ ಬೇರೇನೂ ಅಲುಗಾಡಬಾರದು.

ಇಷ್ಟನ್ನು ಯಾವ ಶಾಲೆಯಲ್ಲಾದರೂ ಹೇಳಿಕೊಡಬಹುದು. ಟೀಚರ ಕೈಚಳಕ ಇದ್ದದ್ದು ಮುಂದಿನದರಲ್ಲಿ. ಅವರು ಕೋಲು ಮುಟ್ಟಿದವರಲ್ಲ. ತಾವು ಚಿಕ್ಕವರಿದ್ದಾಗ ಇದೇ ಅಂಗಳದಲ್ಲಿ ಒಬ್ಬ ಹಳೇ ಸಿಸ್ಟರ್ ಕೈಯಲ್ಲಿ ಏಟು ತಿಂದು ತಿಂದು ನಿಲ್ಲುವುದನ್ನು ಕಲಿತಿದ್ದರು. ನನ್ನ ಮಕ್ಕಳಿಗೆ ಆ ಗತಿ ಬೇಡ ಎಂದು ಅದನ್ನೊಂದು ಆಟ ಮಾಡಿಬಿಟ್ಟಿದ್ದರು. ಮಕ್ಕಳು ಕಣ್ಣು ಮುಚ್ಚಿ ನಿಂತ ಮೇಲೆ ಟೀಚರು ಅವರನ್ನು ಏಮಾರಿಸಲು ನೋಡುತ್ತಿದ್ದರು. "ಅಯ್ಯಯ್ಯೋ ಹಾವು, ಕಾಲ ಹತ್ರ ಹಾವು!" ಎಂದು ಕಿರುಚುತ್ತಿದ್ದರು. "ಓಡಿ, ಓಡಿ, ಬೇಗ ಓಡ್ರೋ!" ಎಂದು ಎದೆ ಒಡೆದವರ ಹಾಗೆ ಕೂಗುತ್ತಿದ್ದರು. ಕೆಲವು ಸಲ ಬರೀ "ಆಮೆನ್!" ಎಂದೂ ಕೂಗಿ ನೋಡುತ್ತಿದ್ದರು. ಜಪ ಹೇಳದೆ ಬಂದ ಆಮೆನ್ ಸುಳ್ಳು ಆಮೆನ್ ಎಂದು ಮಕ್ಕಳಿಗೆ ಗೊತ್ತಿತ್ತು. ಮೋಸ ತಿಳಿದಾಗ ಅವರ ತುಟಿಯ ಮೂಲೆಯಲ್ಲಿ ಒಂದು ಸಣ್ಣ ನಗು ಮೂಡುತ್ತಿತ್ತು, ಮುಚ್ಚಿದ ಕಣ್ಣು ಇನ್ನಷ್ಟು ಬಿಗಿಯಾಗುತ್ತಿತ್ತು. ಆ ನಗು ಕಂಡರೆ ಟೀಚರಿಗೆ ಹೊಟ್ಟೆ ತುಂಬಿದಷ್ಟು ಸಂತೋಷ.

"ಸೈತಾನ ಹೇಗೆ ಬರ್ತಾನೆ ಗೊತ್ತಾ ಮಕ್ಕಳೇ?" ಎಂದು ವರ್ಷದ ಮೊದಲ ವಾರದಲ್ಲೇ ಕೇಳುತ್ತಿದ್ದರು. "ಕೊಂಬು ಇಟ್ಕೊಂಡು ಬಂದ್ರೆ ನಾವು ಓಡಿಹೋಗ್ತೀವಲ್ಲ, ಅದಕ್ಕೇ ಹಾಗೆ ಬರಲ್ಲ. ನಿಮಗೆ ಇಷ್ಟ ಆಗಿರೋರ ದನೀಲಿ ಕರೀತಾನೆ. ನಿಮ್ಮ ಅಮ್ಮನ ದನೀಲಿ ಕರೀತಾನೆ. ನನ್ನ ದನೀಲೇ ಕರೀತಾನೆ. ಯಾರು ಕರೆದ್ರೂ ಆಮೆನ್ ಆಗೋವರೆಗೂ ಅಲುಗಾಡ್ಬಾರ್ದು."

ನಿಜವಾದ ಆಮೆನ್ ಬಂದ ಕೂಡಲೇ ಮಕ್ಕಳು ಕಣ್ಣು ಬಿಟ್ಟು ಓಡೋಡಿ ಬಂದು ಟೀಚರ ಸುತ್ತ ಮುತ್ತಿಕೊಳ್ಳುತ್ತಿದ್ದರು. ಆಗ ಟೀಚರು ಎಲ್ಲರಿಗಿಂತ ಚೆನ್ನಾಗಿ ನಿಂತ ಮಗುವಿನ ತಲೆ ಮೇಲೆ ಕೈಯಿಟ್ಟು, "ಇವತ್ತಿನ ಕಂಬ!" ಎನ್ನುತ್ತಿದ್ದರು. ಅಷ್ಟೇ. ಒಂದು ಪೆಪ್ಪರಮಿಂಟೂ ಇಲ್ಲ, ಒಂದು ಬಣ್ಣದ ಪೆನ್ಸಿಲೂ ಇಲ್ಲ. ಆದರೂ ಕಂಬ ಆದ ಮಗು ಆ ದಿನ ಮನೆಗೆ ಹೋಗುವಾಗ ನೆಲದ ಮೇಲೆ ಕಾಲಿಡುತ್ತಿರಲಿಲ್ಲ. ಟೀಚರ ಕೈಯಲ್ಲಿ ಕಲಿತವರೆಲ್ಲ ಈಗ ದೊಡ್ಡವರಾಗಿ ಊರಲ್ಲಿ ಹರಡಿದ್ದರು. ಮಧ್ಯಾಹ್ನದ ಗಂಟೆ ಬಿದ್ದರೆ ಕ್ಷೌರದಂಗಡಿಯಲ್ಲಿ ಕತ್ತಿ ಗಿರಾಕಿಯ ಗಂಟಲ ಮೇಲೆಯೇ ನಿಂತುಬಿಡುತ್ತಿತ್ತು. ಬಸ್ ಕಂಡಕ್ಟರ್ ಸೀಟಿ ಬಾಯಲ್ಲಿಟ್ಟುಕೊಂಡು ಊದುವುದನ್ನೇ ಮರೆಯುತ್ತಿದ್ದ. ಜನ ನಗುತ್ತಿದ್ದರು, ಟೀಚರೂ ನಗುತ್ತಿದ್ದರು. ನಕ್ಕರೂ ಒಳಗೊಳಗೇ ಬೀಗುತ್ತಿದ್ದರು.

ಬೀಗಲಿ ಬಿಡಿ, ಬೀಗುವುದಕ್ಕೆ ಅವರಿಗೆ ಬೇರೇನಿತ್ತು? ಗಂಡ ಮೇಜು ಕುರ್ಚಿ ಮಾಡುವ ಕಾರ್ಖಾನೆಯಲ್ಲಿ ಬಡಗಿ. ಮರದ ಹುಡಿ ಎದೆಗೆ ಇಳಿದು ಕೆಮ್ಮಿ ಕೆಮ್ಮಿ ಹೋದರು. ಇದ್ದ ಒಬ್ಬಳು ಮಗಳು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಳು, ಅಳಿಯ ಲಾರಿ ಡ್ರೈವರ್, ತಿಂಗಳಿಗೊಮ್ಮೆ ಮುಖ ತೋರಿಸುವವನು. ಎರಡು ಕೋಣೆಯ ಮನೆ. ಆ ಮನೆಯಲ್ಲಿ ಒಂದು ನಿಮಿಷ ಒಂದು ಕಡೆ ಕೂರದ ಮೊಮ್ಮಗಳು. ಅವಳನ್ನು ಎಲ್ಲರೂ ಮಿಡತೆ ಎಂದೇ ಕರೆಯುತ್ತಿದ್ದರು. ಹಾಸಿಗೆಯಿಂದ ಏಳುವಾಗಲೇ ಹಾರುತ್ತಿದ್ದಳು.

ಆ ವರ್ಷ ಮಿಡತೆ ಒಂದನೇ ಕ್ಲಾಸಿಗೆ ಬಂದಳು. ಮೊದಲ ದಿನವೇ ಕರಾರು ಆಯಿತು. ಮನೆಯಲ್ಲಿ ಅಜ್ಜಿ, ಶಾಲೆಯಲ್ಲಿ ಟೀಚರ್. ಶಾಲೆಯಲ್ಲಿ ಅಜ್ಜಿ ಅನ್ನುವ ಹಾಗಿಲ್ಲ, ಮಡಿಲಿಗೆ ಬರುವ ಹಾಗಿಲ್ಲ. ಮಿಡತೆ ಅದನ್ನು ಚಾಚೂ ತಪ್ಪದೆ ಪಾಲಿಸಿದಳು. ಅಕ್ಷರ ಬೇಗ ಕಲಿತಳು. ಎಡಗೈಯಲ್ಲಿ ಹಾಕುತ್ತಿದ್ದ ಶಿಲುಬೆ ಗುರುತನ್ನು ಬಲಗೈಗೆ ತಂದಳು. ಪ್ರತಿಯೊಬ್ಬರ ಬೆನ್ನ ಹಿಂದೆಯೂ ಒಬ್ಬ ಕಾವಲು ದೂತ ಇರುತ್ತಾನೆ ಎಂದು ಪಾಠ ಆದ ದಿನ, ತನ್ನ ದೂತನಿಗೆ ಕೂರಲು ಜಾಗ ಬೇಕೆಂದು ಪಕ್ಕದ ಹುಡುಗನನ್ನು ಬೆಂಚಿನಿಂದ ಕೆಳಗೆ ತಳ್ಳಿದಳು. ಪಾಪ ಒಪ್ಪಿಕೊಳ್ಳುವುದು ಹೇಗೆ ಎಂದು ಅಭ್ಯಾಸ ಮಾಡಿಸಿದಾಗ, ಹೇಳಲು ಪಾಪ ಸಾಲದೆ ಒಂದು ಹುಲಿ ಕೊಂದೆ ಎಂದಳು. ಎಲ್ಲ ಬಂತು, ನಿಲ್ಲುವುದೊಂದು ಬರಲಿಲ್ಲ. ಗಂಟೆ ಬಿದ್ದು ಎಲ್ಲರೂ ಕಣ್ಣು ಮುಚ್ಚಿದರೆ ಇವಳದು ಒಂದು ಕಣ್ಣು ತೆರೆದೇ ಇರುತ್ತಿತ್ತು. ಕತ್ತು ತಿರುಗುತ್ತಿತ್ತು, ಕಾಲು ಕುಣಿಯುತ್ತಿತ್ತು.

"ಟೀಚರ ಮೊಮ್ಮಗಳೇ ಹೀಗಂತೆ," ಎಂದು ಎರಡನೇ ಕ್ಲಾಸಿನ ಮೇಡಂ ಯಾರ ಹತ್ತಿರವೋ ಅಂದದ್ದು ಟೀಚರ ಕಿವಿಗೆ ಬಿತ್ತು. ಮೈಯೆಲ್ಲ ಉರಿದುಹೋಯಿತು. ಮರುದಿನದಿಂದ ಮಿಡತೆಯನ್ನು ಜಪದ ಹೊತ್ತಿಗೆ ಎಲ್ಲರಿಗಿಂತ ಹಿಂದೆ, ಯಾರ ಕಣ್ಣಿಗೂ ಬೀಳದ ಹಾಗೆ, ಗೋಡೆಯ ಪಕ್ಕಕ್ಕೆ ನಿಲ್ಲಿಸಿದರು.

ಈಗ ಆ ಗೋಡೆಯ ವಿಷಯ ಹೇಳಬೇಕು.

ಅಂಗಳದಲ್ಲಿ ಪ್ರಾರ್ಥನಾ ಮಂದಿರಕ್ಕೆ ಎದುರಾಗಿ, ಶಾಲೆಯ ಎಲ್ಲೆಗೆ, ಎರಡಾಳು ಎತ್ತರದ ಹಳೇ ಇಟ್ಟಿಗೆ ಗೋಡೆ ಇತ್ತು. ಅದಕ್ಕೆ ಆನಿಸಿ ತಗಡಿನ ಸೂರು ಇಳಿಸಿದ್ದರು. ಬಿಸಿಲಿಗೆ ಚಿಕ್ಕ ಮಕ್ಕಳು ಬಾಡುತ್ತಾರೆಂದು ಒಂದನೇ ಕ್ಲಾಸಿನ ಜಪದ ಜಾಗ ಮೊದಲಿನಿಂದಲೂ ಆ ಸೂರಿನ ಕೆಳಗೆ. ಗೋಡೆಯ ಆಚೆ ಖಾಲಿ ನಿವೇಶನ. ಆ ವರ್ಷ ಅಲ್ಲಿ ಯಾರೋ ದೊಡ್ಡ ಕಟ್ಟಡಕ್ಕೆಂದು ಪಾಯ ತೋಡಲು ಶುರುಮಾಡಿದರು. ಯಂತ್ರ ಬಂತು. ದಿನವಿಡೀ ನೆಲ ಗುದ್ದುವ ಸದ್ದು. ಹೊಂಡ ಗೋಡೆಯ ಬುಡದವರೆಗೂ ಬಂತು. ಮೊದಲು ಸುಣ್ಣದ ಹಕ್ಕಳೆ ಉದುರಿತು, ಆಮೇಲೆ ಕೂದಲೆಳೆಯಂಥ ಬಿರುಕು ಕಾಣಿಸಿತು, ಆಮೇಲೆ ಗೋಡೆಯ ನಡುಭಾಗ ಅಂಗಳದ ಕಡೆಗೆ ಸ್ವಲ್ಪ ಉಬ್ಬಿಕೊಂಡಿತು.

"ಗೋಡೆಗೆ ಹೊಟ್ಟೆ ಬಂದಿದೆ," ಎಂದಳು ಮಿಡತೆ. ಮಕ್ಕಳಿಗೆ ಅದೊಂದು ತಮಾಷೆಯಾಯಿತು. ಗೋಡೆಗೆ ಯಾವಾಗ ಮಗು ಹುಟ್ಟುತ್ತೆ, ಗಂಡೋ ಹೆಣ್ಣೋ ಎಂದು ಮಾತಾಡಿಕೊಂಡರು. ಚಿತ್ರ ಬರೆಯಿರಿ ಎಂದರೆ ಹೊಟ್ಟೆಯ ಗೋಡೆಯನ್ನೇ ಬರೆದರು.

ಹೆಡ್ ಸಿಸ್ಟರ್ ಕಣ್ಣಿಗೂ ಅದು ಬಿದ್ದಿತ್ತು. ಆಚೆಯವರಿಗೆ ಫೋನ್ ಮಾಡಿದ್ದರು. ಅವರು ಆಚೆ ಕಡೆಯಿಂದ ನಾಲ್ಕಾರು ಮರದ ಕಂಬ ಕೊಟ್ಟು, ಏನೂ ಆಗಲ್ಲ ಸಿಸ್ಟರ್, ರಜೆಯಲ್ಲಿ ಹೊಸ ಗೋಡೆ ಕಟ್ಟಿಸಿಕೊಡ್ತೀವಿ ಎಂದಿದ್ದರು. ಆದರೂ ಸಿಸ್ಟರಿಗೆ ಸಮಾಧಾನವಿರಲಿಲ್ಲ. ಒಂದು ದಿನ ಟೀಚರನ್ನು ಆಫೀಸಿಗೆ ಕರೆದರು.

"ಟೀಚರ್, ಚಿಕ್ಕ ಮಕ್ಕಳನ್ನ ಸ್ವಲ್ಪ ದಿನ ವರಾಂಡದಲ್ಲೇ ನಿಲ್ಲಿಸಿ. ಆ ಗೋಡೆ ನೋಡಿದ್ರೆ ನಂಗೆ ಯಾಕೋ ಸರಿ ಕಾಣಲ್ಲ."

"ವರಾಂಡದಲ್ಲಿ ಮಿಕ್ಕ ಕ್ಲಾಸಿನ ಗಲಾಟೆ ಸಿಸ್ಟರ್, ಮಕ್ಕಳ ಗಮನ ಎಲ್ಲ ಚದುರಿಹೋಗುತ್ತೆ," ಎಂದರು ಟೀಚರು. "ಮುಂದಿನ ವಾರ ಬಿಷಪ್ಪರು ಬರ್ತಾರೆ. ಗೇಟಿನಿಂದ ಒಳಗೆ ಬಂದ ಕೂಡಲೇ ಅವರ ಕಣ್ಣಿಗೆ ಬೀಳೋದು ಸೂರಿನ ಕೆಳಗೆ ನಿಂತಿರೋ ನಮ್ಮ ಮಕ್ಕಳೇ. ಈಗ ಜಾಗ ಬದಲಾಯಿಸಿದ್ರೆ ಕಲಿಸಿದ್ದೆಲ್ಲ ನೀರಲ್ಲಿ ಹೋಮ ಆಗುತ್ತೆ. ಅದು ಆದ್ಮೇಲೆ ನೋಡೋಣ."

ಸಿಸ್ಟರೂ ಒಂದು ಕಾಲದಲ್ಲಿ ಇದೇ ಟೀಚರ ಕೈಯಲ್ಲಿ ಕಂಬ ಆಗಿದ್ದವರು. ಟೀಚರಿಗೆ ಎದುರು ಮಾತಾಡುವುದು ಆ ವಯಸ್ಸಿನಲ್ಲೂ ಅವರಿಗೆ ಬರುತ್ತಿರಲಿಲ್ಲ. "ನಿಮಗೆ ಹೇಗೆ ತೋಚುತ್ತೋ ಹಾಗೆ ಮಾಡಿ," ಎಂದರು.

ಆ ಮಧ್ಯಾಹ್ನ ಜಪದ ನಡುವೆ ಮಿಡತೆ ಕಣ್ಣು ಬಿಟ್ಟು ಗೋಡೆಗೆ ಕಿವಿಯಿಟ್ಟು ನಿಂತಿದ್ದಳು. ಟೀಚರು ಆಮೆನ್ ಮುಗಿಸಿ ಅವಳ ರಟ್ಟೆ ಹಿಡಿದು ಪಕ್ಕಕ್ಕೆ ಕರೆದೊಯ್ದರು.

"ಏನೇ ಇದು? ಎಲ್ಲರೂ ಕಣ್ಣು ಮುಚ್ಚಿದ್ರೆ ನಿಂದೊಂದೇ ಯಾಕೆ ಪಿಳಿಪಿಳಿ ಅಂತಿರುತ್ತೆ?"

"ಟೀಚರ್, ಗೋಡೆ ಮಾತಾಡುತ್ತೆ."

"ಏನಂತ ಮಾತಾಡುತ್ತೆ?"

"ಟಿಕ್ ಅನ್ನುತ್ತೆ. ಆಮೇಲೆ ಸುಮ್ನಿರುತ್ತೆ. ಆಮೇಲೆ ಮತ್ತೆ ಟಿಕ್ ಅನ್ನುತ್ತೆ. ಎಲ್ಲರೂ ಸುಮ್ನೆ ನಿಂತಾಗ ಮಾತ್ರ ಕೇಳುತ್ತೆ."

"ಸುಳ್ಳು ಹೇಳೋದೂ ಕಲಿತಿದ್ದೀಯಾ?" ಎಂದರು ಟೀಚರು. ಗಟ್ಟಿಯಾಗಿಯೇ ಅಂದರು. ಮಿಡತೆಯ ಕೆಳತುಟಿ ಮುಂದೆ ಬಂತು, ಆದರೆ ಅಳಲಿಲ್ಲ. ಶಾಲೆಯಲ್ಲಿ ಅಳುವುದಕ್ಕೂ ಕರಾರಿನಲ್ಲಿ ಜಾಗ ಇರಲಿಲ್ಲ.

ಮರುದಿನ ಟೀಚರಿಗೇ ಕೇಳಿಸಿತು. ಮಕ್ಕಳು ಎಂದಿಗಿಂತ ಚೆನ್ನಾಗಿ ನಿಂತಿದ್ದರು. ಆಚೆ ಯಂತ್ರದವರು ಊಟಕ್ಕೆ ಹೋಗಿದ್ದರು. ಒಂದು ಎಲೆ ಬಿದ್ದರೆ ಕೇಳುವಂಥ ಮೌನ. ಆ ಮೌನದಲ್ಲಿ, ಒಣಗಿದ ಕಡ್ಡಿ ಮುರಿದ ಹಾಗೆ, ಒಂದು ಟಿಕ್. ಟೀಚರ ಬಾಯಲ್ಲಿದ್ದ ಜಪ ಒಂದು ಕ್ಷಣ ತಡವರಿಸಿತು. ತಗಡು ಬಿಸಿಲಿಗೆ ಹಿಗ್ಗಿರಬೇಕು ಎಂದುಕೊಂಡರು. ತಗಡು ಬಿಸಿಲಿಗೆ ಹಿಗ್ಗುತ್ತದೆ ಎನ್ನುವುದು ಸುಳ್ಳೇನೂ ಅಲ್ಲ. ಆದರೆ ತಗಡು ಸದ್ದು ಮಾಡುವುದು ತಲೆಯ ಮೇಲೆ, ಈ ಸದ್ದು ಬಂದದ್ದು ಮಕ್ಕಳ ಬೆನ್ನ ಹಿಂದಿನಿಂದ. ಅದು ಅವರಿಗೂ ಗೊತ್ತಿತ್ತು. ಗೊತ್ತಿದ್ದೂ ಜಪ ಮುಂದುವರಿಸಿದರು.

ಬಿಷಪ್ಪರು ಬರುವ ಹಿಂದಿನ ದಿನ ಬೆಳಗ್ಗೆ ಮನೆಯಲ್ಲಿ ಮಿಡತೆಗೆ ತಲೆ ಬಾಚುತ್ತ ಅಜ್ಜಿ ಕೇಳಿದರು, "ನಾಳೆ ಅಷ್ಟು ದೊಡ್ಡವರ ಮುಂದೆ ನನ್ನ ಮಾನ ತೆಗೀತೀಯಾ?"

"ಇಲ್ಲ ಅಜ್ಜಿ."

"ಇವತ್ತೂ ನಿಲ್ಬೇಕು. ಇವತ್ತು ನಿಂತ್ರೆ ತಾನೇ ನಾಳೆ ನಿಲ್ಲೋದು. ಗಂಟೆ ಬಿದ್ಮೇಲೆ ಗೋಡೆ ಟಿಕ್ ಅನ್ಲಿ, ಢಂ ಅನ್ಲಿ, ಅಲುಗಾಡ್ಬಾರ್ದು. ತಿಳೀತಾ?"

"ನಿಂತ್ರೆ ನನ್ನೂ ಕಂಬ ಅಂತೀಯಾ?"

"ಅಂತೀನಿ."

"ಆಣೆ?"

"ಆಣೆ ಗೀಣೆ ಎಲ್ಲ ಪಾಪ. ಅಂತೀನಿ ಅಂದ್ನಲ್ಲ."

ಮಿಡತೆ ತಲೆ ಹಿಂದಕ್ಕೆ ತಿರುಗಿಸಿದಳು. "ಅಜ್ಜಿ, ಸಾವಿನ ಗಳಿಗೇಲೂ ನಮಗೋಸ್ಕರ ಬೇಡ್ಕೋ ಅಂತ ಜಪದಲ್ಲಿ ಹೇಳ್ತೀವಲ್ಲ, ಸಾವಿನ ಗಳಿಗೆ ಯಾವಾಗ ಬರುತ್ತೆ? ಊಟಕ್ಕೆ ಮುಂಚೆನಾ, ಆಮೇಲಾ?"

"ಬಾಯಿ ಮುಚ್ಚೇ," ಎಂದರು ಅಜ್ಜಿ. ಬೆಳಬೆಳಗ್ಗೆ ಎಂಥ ಮಾತು ಎಂದುಕೊಂಡು ಜಡೆ ಎಂದಿಗಿಂತ ಬಿಗಿಯಾಗಿ ಹೆಣೆದರು.

ಅದೇ ದಿನ, ಹತ್ತೂವರೆಯ ಆಟದ ಹೊತ್ತು. ಒಂದನೇ ಕ್ಲಾಸಿನ ಮಕ್ಕಳೆಲ್ಲ ಸೂರಿನ ಕೆಳಗೇ ಆಡುತ್ತಿದ್ದರು, ಬಿಸಿಲು ಅಷ್ಟಿತ್ತು. ಟೀಚರು ಪ್ರಾರ್ಥನಾ ಮಂದಿರದ ಪಕ್ಕದ ನಲ್ಲಿಯಲ್ಲಿ ಕೈಗೆ ಹತ್ತಿದ ಸೀಮೆಸುಣ್ಣ ತೊಳೆಯುತ್ತಿದ್ದರು. ಗೇಟಿನಲ್ಲಿ ಹೊಸ ವಾಚ್‌ಮನ್ ನಿಂತಿದ್ದ. ಸೇರಿ ಇನ್ನೂ ತಿಂಗಳಾಗಿರಲಿಲ್ಲ. ಮೊದಲು ನೂಲಿನ ಮಿಲ್ಲಿನಲ್ಲಿದ್ದವನು. ಗೋಡೆಯ ಕೊನೆಗಿದ್ದ ಗೇಟಿನಿಂದ ಅವನಿಗೆ ಆಚೆಯ ಹೊಂಡ ಕಾಣುತ್ತಿತ್ತು. ಮಣ್ಣು ತೋಡುವ ಯಂತ್ರ ಹಿಂದಕ್ಕೆ ಸರಿಯುವಾಗ ಗೋಡೆಗೆ ಕೊಟ್ಟಿದ್ದ ಮರದ ಕಂಬಕ್ಕೆ ತಾಗಿದ್ದನ್ನು ನೋಡಿದ. ಒಂದು ಕಂಬ ಗೋಡೆಯನ್ನು ಈಚೆಗೆ ನೂಕಿ ಜಾರಿತು. ಅದರ ಹಿಂದೆಯೇ ಇನ್ನೊಂದು. ಗೋಡೆಯ ನೆತ್ತಿ ಅಂಗಳದ ಕಡೆಗೆ ವಾಲಿತು.

ಮಿಲ್ಲಿನಲ್ಲಿ ಬೆಂಕಿ ಬಿದ್ದರೆ ಗಂಟೆ ಹೊಡೆಯುತ್ತಿದ್ದರು. ಗಂಟೆ ಕೇಳಿದರೆ ಎಲ್ಲರೂ ಕೈಲಿದ್ದದ್ದು ಬಿಟ್ಟು ಬಯಲಿಗೆ ಓಡಬೇಕು. ಆ ಗಾಬರಿಯಲ್ಲಿ ಆ ಮನುಷ್ಯನಿಗೆ ನೆನಪಾದದ್ದು ಆ ಒಂದು ಅರ್ಥ. ಅವನು ಮಾಡಿದ್ದು ತಪ್ಪೆಂದು ಯಾವ ಬಾಯಲ್ಲಿ ಹೇಳುವುದು? ನಾಲ್ಕು ನೆಗೆತಕ್ಕೆ ಪ್ರಾರ್ಥನಾ ಮಂದಿರದ ಬಾಗಿಲಿಗೆ ಓಡಿ, ಹಗ್ಗ ಹಿಡಿದು, ಮೈಯ ಬಲವೆಲ್ಲ ಹಾಕಿ ದೊಡ್ಡ ಗಂಟೆ ಬಾರಿಸಿದ.

ಅಂಗಳ ನಿಂತುಹೋಯಿತು.

ಹಿಡಿಯಲು ಕೈ ಚಾಚಿ ಓಡುತ್ತಿದ್ದವನು ಹಾಗೇ ಕೈ ಜೋಡಿಸಿದ. ಹಗ್ಗ ಜಿಗಿಯುತ್ತಿದ್ದವಳು ಹಗ್ಗವನ್ನು ಕಾಲ ಬಳಿ ಬಿಟ್ಟು ಕಣ್ಣು ಮುಚ್ಚಿದಳು. ಬಿದ್ದು ಮಂಡಿ ತರಚಿಕೊಂಡು ಅಳುತ್ತಿದ್ದ ಹುಡುಗ ಅಳು ನುಂಗಿ ಎದ್ದು ನಿಂತ. ನಲ್ಲಿಯ ಹತ್ತಿರ ಟೀಚರ ಒದ್ದೆ ಕೈಗಳೂ ತಾವಾಗಿ ಜೋಡಿಸಿಕೊಂಡವು, ಕಣ್ಣು ಮುಚ್ಚಿತು. ಇದೇನು, ಇಷ್ಟು ಬೇಗ ಜಪದ ಹೊತ್ತಾಯಿತೇ ಎಂದು ಯೋಚನೆ ಬಂದದ್ದು ಆಮೇಲೆ.

"ಓಡಿ! ಓಡ್ರೋ! ಗೋಡೆ!" ಎಂದು ವಾಚ್‌ಮನ್ ಕಿರುಚಿದ.

ಟೀಚರು ಕಣ್ಣು ಬಿಟ್ಟರು. ಗೋಡೆಯ ಹೊಟ್ಟೆಯಿಂದ ಕೆಂಪು ಹುಡಿ ಸಣ್ಣಗೆ ಸುರಿಯುತ್ತಿತ್ತು. ಅದರ ಮುಂದೆ, ಸೂರಿನ ಕೆಳಗೆ, ಅವರ ಮಕ್ಕಳೆಲ್ಲ ಕೈ ಜೋಡಿಸಿ ನಿಂತಿದ್ದರು. ಒಬ್ಬರೂ ಅಲುಗಾಡುತ್ತಿರಲಿಲ್ಲ. ಅವರು ಅಷ್ಟು ಚೆನ್ನಾಗಿ ನಿಂತದ್ದನ್ನು ಟೀಚರು ಯಾವತ್ತೂ ನೋಡಿರಲಿಲ್ಲ.

"ಓಡಿ ಮಕ್ಕಳೇ, ಓಡಿ, ಬೇಗ ಓಡಿ!" ಎಂದು ಕೂಗಿದರು. ಎದೆ ಒಡೆಯುವ ಹಾಗೆ ಕೂಗಿದರು.

ಮಕ್ಕಳ ತುಟಿಯ ಮೂಲೆಯಲ್ಲಿ ಸಣ್ಣ ನಗು ಮೂಡಿತು. ಕಣ್ಣು ಇನ್ನಷ್ಟು ಬಿಗಿಯಾಯಿತು.

ವಾಚ್‌ಮನ್ ಓಡಿಹೋಗಿ ಇಬ್ಬರನ್ನು ಕಂಕುಳಲ್ಲಿ ಎತ್ತಿಕೊಂಡ. ಅವರು ಕಣ್ಣು ಬಿಡದೆ ಕಾಲು ಬಡಿದರು, ಒಬ್ಬ ಹುಡುಗ ಅವನ ಕೈ ಕಚ್ಚಿದ. ಸೈತಾನ ಎತ್ತಿಕೊಂಡು ಹೋಗುತ್ತಿದ್ದಾನೆ ಎಂದುಕೊಂಡನೋ ಏನೋ ಪಾಪ. ಹೀಗೆ ಇಬ್ಬಿಬ್ಬರನ್ನು ಎತ್ತುತ್ತ ಹೋದರೆ ಗೋಡೆ ಎಲ್ಲಿ ಕಾಯುತ್ತದೆ? "ಆಮೆನ್! ಆಮೆನ್!" ಎಂದು ಟೀಚರು ಅರಚಿದರು. ಜಪವಿಲ್ಲದ ಆಮೆನ್. ನಗು ಇನ್ನೂ ಅಗಲವಾಯಿತು, ಒಬ್ಬರೂ ಕದಲಲಿಲ್ಲ.

ಆಗ ಟೀಚರಿಗೆ ಉಳಿದದ್ದು ಒಂದೇ ದಾರಿ. ಪ್ರಾರ್ಥನಾ ಮಂದಿರದ ಮೆಟ್ಟಿಲ ಮೇಲೆ ಹೋಗಿ ನಿಂತರು. ಕೈ ಜೋಡಿಸಿದರು. ದಿನಾ ಹೇಳುವ ದನಿಯಲ್ಲಿ, ದಿನಾ ಹೇಳುವ ನಿಧಾನದಲ್ಲಿ, ಮರಿಯಮ್ಮನವರ ಜಪ ಶುರುಮಾಡಿದರು.

ಅವಸರ ಮಾಡುವಂತಿರಲಿಲ್ಲ. ದನಿ ಸ್ವಲ್ಪ ನಡುಗಿದರೂ ಮಕ್ಕಳು ಇದೂ ಒಂದು ಮೋಸ ಎಂದುಕೊಳ್ಳುತ್ತಿದ್ದರು. ಒಂದು ಸಾಲು ಹೇಳಿ ಮಕ್ಕಳು ಅದನ್ನು ತಿರುಗಿ ಹೇಳುವವರೆಗೆ ಕಾದರು. ಆ ಪುಟ್ಟ ದನಿಗಳು ಒಟ್ಟಾಗಿ ಬಂದವು. ಇನ್ನೊಂದು ಸಾಲು. ಕಾದರು. ಸೂರಿನ ತಗಡು ಕಿರ್ರೆಂದಿತು. ಮೇಲಿನಿಂದ ಒಂದು ಇಟ್ಟಿಗೆ ಕಳಚಿ ಮಕ್ಕಳ ಹಿಂದೆ ದೊಪ್ಪನೆ ಬಿತ್ತು, ಸಾಲಿನ ನಡುವೆ ಯಾರೋ ಬೆಚ್ಚಿಬಿದ್ದರು, ಮತ್ತೆ ನೆಟ್ಟಗಾದರು. ಟೀಚರು ಗೋಡೆಯನ್ನು ನೋಡುತ್ತಲೇ ಹೇಳಿದರು. ಈಗಲೂ, ನಮ್ಮ ಸಾವಿನ ಗಳಿಗೆಯಲ್ಲೂ ಎನ್ನುವ ಸಾಲು ಬಂತು. ಜೀವಮಾನವಿಡೀ ಹೇಳಿದ ಸಾಲು. ಅದರ ಅರ್ಥ ಎದುರಿಗೇ ವಾಲಿಕೊಂಡು ನಿಂತಿತ್ತು. ಹೇಳಿದರು. ಮಕ್ಕಳು ತಿರುಗಿ ಹೇಳುವವರೆಗೆ ಕಾದರು.

ಆಮೇಲೆ, "ಆಮೆನ್," ಎಂದರು.

ಮಕ್ಕಳು ಕಣ್ಣು ಬಿಟ್ಟರು. ಇವತ್ತಿನ ಕಂಬ ಯಾರು ಎಂದು ಕೇಳಲು ಒಬ್ಬರನ್ನೊಬ್ಬರು ತಳ್ಳಿಕೊಂಡು, ಕೇಕೆ ಹಾಕಿಕೊಂಡು, ಅಂಗಳ ದಾಟಿ ಮೆಟ್ಟಿಲಿಗೆ ಓಡಿಬಂದರು. ಟೀಚರು ತೋಳು ಚಾಚಿ ಬಂದವರನ್ನು ಬಂದ ಹಾಗೆ ತಮ್ಮ ಹಿಂದಕ್ಕೆ ತಳ್ಳಿದರು. ಎಲ್ಲರಿಗಿಂತ ಹಿಂದೆ, ಗೋಡೆಯ ಬುಡದಿಂದ, ಬಿಗಿ ಜಡೆಯ ಒಂದು ತಲೆ ಹೊರಟದ್ದು ಕಂಡಿತು. ಆಟದ ಹೊತ್ತಿನಲ್ಲಿ ಗೋಡೆಗೆ ಕಿವಿಯಿಟ್ಟು ಕೇಳಲು ಅವಳು ಅಲ್ಲಿಗೇ ಹೋಗಿದ್ದಳು. ಗಂಟೆ ಬಿದ್ದದ್ದು ಆಗಲೇ.

ಮಿಡತೆ ಸೂರು ದಾಟುವಷ್ಟರಲ್ಲಿ ಗೋಡೆ ಬಂತು.

ಸದ್ದಿಗಿಂತ ಹುಡಿಯೇ ಹೆಚ್ಚು. ಅಂಗಳ, ಸೂರು, ಬಿಸಿಲು ಯಾವುದೂ ಕಾಣಲಿಲ್ಲ. ಟೀಚರು ಆ ಹುಡಿಯೊಳಗೆ ನುಗ್ಗಿದರು, ಅವರ ಹಿಂದೆ ವಾಚ್‌ಮನ್. ಒಂದು ಬೆಂಚಿನ ಮೇಲೆ ಓರೆಯಾಗಿ ಬಿದ್ದ ತಗಡಿನ ಕೆಳಗೆ ಒಂದು ಸಣ್ಣ ಚಪ್ಪಲಿ ಕಂಡಿತು. ತಗಡು ಎತ್ತಿದರು. ಮೈಯೆಲ್ಲ ಕೆಂಪು ಹುಡಿ ಮೆತ್ತಿದ ಮಗು ಉಸಿರಾಡುತ್ತಿತ್ತು. ಕಾಲು ಇರಬೇಕಾದ ಹಾಗೆ ಇರಲಿಲ್ಲ.

ಆಸ್ಪತ್ರೆಯ ಆ ಮಧ್ಯಾಹ್ನ ಟೀಚರ ಜೀವನದಲ್ಲೇ ದೊಡ್ಡ ಹೊಗಳಿಕೆಯ ಮಧ್ಯಾಹ್ನ. ಮಕ್ಕಳ ತಾಯಂದಿರು ಒಬ್ಬೊಬ್ಬರಾಗಿ ಬಂದು ಕಾಲಿಗೆ ಬೀಳಲು ಹೋದರು, ಅಪ್ಪಿಕೊಂಡು ಅತ್ತರು. ಗೋಡೆ ತಲೆ ಮೇಲೆ ಬರುತ್ತಿದ್ದರೂ ನಿಂತು ಜಪ ಹೇಳಿ ಅಷ್ಟೂ ಮಕ್ಕಳನ್ನು ಉಳಿಸಿದ ಮಹಾತಾಯಿ ಎಂದರು. ಪವಾಡ ಎಂದರು. ಕ್ಷೌರದವನು ಅಂಗಡಿ ಮುಚ್ಚಿ ಬಂದು ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದ. ಹೆಡ್ ಸಿಸ್ಟರ್ ಹತ್ತಿರ ಬಂದು ಕೂತರು. ಇಬ್ಬರ ಕಣ್ಣೂ ಸೇರಲಿಲ್ಲ. ಟೀಚರು ಹೊಗಳಿದವರಿಗೆಲ್ಲ ಬೇಡ, ಬೇಡ ಎಂದು ಕೈಯಾಡಿಸಿದರು. ಅದನ್ನೂ ಜನ ವಿನಯ ಎಂದುಕೊಂಡರು.

ಮಗಳು ಕೆಲಸದ ಬಟ್ಟೆಯಲ್ಲೇ ಕೆಳಗಿನ ಮಹಡಿಯಿಂದ ಓಡಿಬಂದಿದ್ದಳು. ಅವಳಿಗೆ ಕೇಳುವುದು ಒಂದೇ ಇತ್ತು.

"ಅಮ್ಮ, ಎಲ್ಲರಿಗಿಂತ ಜೋರಾಗಿ ಓಡೋಳು ಅವಳು. ಕೂತಲ್ಲಿ ಕೂರಲ್ಲ, ನಿಂತಲ್ಲಿ ನಿಲ್ಲಲ್ಲ. ಅವಳೊಬ್ಳೇ ಯಾಕೆ ಸಿಕ್ಕಿಹಾಕ್ಕೊಂಡ್ಳು?"

ಟೀಚರು ಮಡಿಲಲ್ಲಿದ್ದ ಆ ಸಣ್ಣ ಚಪ್ಪಲಿಯ ಹುಡಿಯನ್ನು ಸೆರಗಿನಿಂದ ಒರೆಸಿದರು.

ಹೊತ್ತು ಇಳಿಯುವಾಗ ಮಿಡತೆಗೆ ಎಚ್ಚರವಾಯಿತು. ಒಂದು ಕಾಲು ತೊಡೆಯವರೆಗೆ ಬಿಳಿ ಪಟ್ಟಿಯಲ್ಲಿತ್ತು, ಒಂದು ಕೈ ಕೂಡ. ಡಾಕ್ಟರು ಕಾಲಿನ ಬಗ್ಗೆ ಈಗಲೇ ಏನೂ ಹೇಳಲಾರೆ ಎಂದಿದ್ದರು. ಮಗಳು ಔಷಧಿ ತರಲು ಹೋಗಿದ್ದಳು. ಹಾಸಿಗೆಯ ಪಕ್ಕದಲ್ಲಿ ಟೀಚರೊಬ್ಬರೇ. ಮಗು ಕಣ್ಣು ತೆರೆದು, ಅವರನ್ನು ಗುರುತು ಹಿಡಿದು, ಒಣಗಿದ ತುಟಿ ಸವರಿಕೊಂಡಿತು.

"ಟೀಚರ್."

"ಟೀಚರ್ ಅಲ್ಲ ಕಂದಾ, ಅಜ್ಜಿ. ಅಜ್ಜಿ ಅನ್ನು."

"ನಾನು ಕಣ್ಣು ಬಿಟ್ಟಿದ್ದೆ ಟೀಚರ್," ಎಂದಳು ಮಿಡತೆ. ಪಾಪ ಒಪ್ಪಿಕೊಳ್ಳುವ ದನಿ. "ಅದೊಂದು ತಪ್ಪು ಮಾಡ್ದೆ. ಗೋಡೆ ತುಂಬಾ ಟಿಕ್ ಟಿಕ್ ಅಂತಿತ್ತು, ಅದಕ್ಕೇ ನೋಡ್ದೆ. ಗೋಡೆ ಬರ್ತಾ ಇತ್ತು. ನಂಗೆ ಕಾಣ್ತಿತ್ತು. ಆದ್ರೂ ಅಲುಗಾಡ್ಲಿಲ್ಲ." ಉಸಿರು ಎಳೆದುಕೊಂಡಳು. "ಇವತ್ತಿನ ಕಂಬ ನಾನೇ ಅಲ್ವಾ?"

ಟೀಚರು ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡರು. 'ಓಡಬಾರದು' ಎಂದು ಈ ಕೂಸಿಗೆ ಕಲಿಸಿದ್ದು ನಾನೇ, ಇವಳು ಕಲಿಯಲಿ ಎಂದು ಹಟ ಹಿಡಿದದ್ದೂ ನಾನೇ, ಕಡೆಗೂ ಕಲಿತೇಬಿಟ್ಟಳಲ್ಲ ಎಂದುಕೊಂಡರು. ಹೌದು ಎನ್ನುವುದು ಹೇಗೆ? ಬೆಳಗ್ಗೆ ಕೊಟ್ಟ ಮಾತಿಗೆ ಇಲ್ಲ ಎನ್ನುವುದು ಹೇಗೆ? ಮಗುವಿನ ಮುಖದ ಹತ್ತಿರ ಬಾಗಿ, ಹಣೆಯ ಮೇಲಿನ ಹುಡಿ ಒರೆಸಿ, ಒಂದೊಂದೇ ಮಾತಾಗಿ ಹೇಳಿದರು.

"ಕೇಳು ಪುಟ್ಟಾ. ಕಂಬ ಆಗೋದು ಬೇಡ. ಅಜ್ಜಿ ಹೇಳ್ಕೊಟ್ಟಿದ್ದೇ ತಪ್ಪು. ಇನ್ಮೇಲೆ ಯಾರಾದ್ರೂ ಓಡು ಅಂದ್ರೆ ಓಡ್ಬೇಕು. ಗಂಟೆ ಬಿದ್ರೂ ಓಡ್ಬೇಕು. ಭಯ ಆದ್ರೆ ಓಡಿಬಿಡ್ಬೇಕು. ಆಮೆನ್‌ಗೆ ಕಾಯ್ಬೇಡ. ತಿಳೀತಾ? ಎಲ್ಲಿ, ಓಡ್ತೀನಿ ಅಜ್ಜಿ ಅನ್ನು ನೋಡೋಣ."

ಮಿಡತೆ ಅಜ್ಜಿಯ ಮುಖವನ್ನೇ ನೋಡಿದಳು. ಅಷ್ಟು ಗಾಬರಿಯ ದನಿ, ಅಷ್ಟು ಪ್ರೀತಿಯ ದನಿ. ಅವಳ ತುಟಿಯ ಮೂಲೆಯಲ್ಲಿ ಮೆಲ್ಲಗೆ ಒಂದು ಸಣ್ಣ ನಗು ಮೂಡಿತು. ಇದು ಏನೆಂದು ಅವಳಿಗೆ ಗೊತ್ತಾಗಿಹೋಗಿತ್ತು. ಪಟ್ಟಿಯಿಲ್ಲದ ಕೈಯನ್ನು ಎದೆಯ ಮೇಲಿಟ್ಟುಕೊಂಡಳು, ಕಣ್ಣು ಬಿಗಿಯಾಗಿ ಮುಚ್ಚಿದಳು. ಆಮೇಲೆ ಅಜ್ಜಿ ಎಷ್ಟು ಕರೆದರೂ ಉಸಿರೊಂದನ್ನು ಬಿಟ್ಟು ಮೈಯಲ್ಲಿ ಬೇರೇನೂ ಅಲುಗಾಡಲಿಲ್ಲ.